ವರ್ಷಗಟ್ಟಲೆ ನಿಂತಿದ್ದ ಹಳೆಯ ಬೈಕಿಗೆ ಮೊದಲು ಏನು ಮಾಡಬೇಕು?

ಹಳೆಯ ಮೋಟಾರ್‌ಸೈಕಲ್‌ಗಳನ್ನು ನಾನು ಮನೆಯಲ್ಲೇ ಬಿಚ್ಚಿ ಸರಿಪಡಿಸುತ್ತೇನೆಂದು ತಿಳಿದವರೆಲ್ಲ ಬಹುಮಟ್ಟಿಗೆ ಒಂದೇ ಪ್ರಶ್ನೆ ಕೇಳುತ್ತಾರೆ: "ನಮ್ಮ ತಂದೆಯವರು ಓಡಿಸುತ್ತಿದ್ದ ಬೈಕು ಹದಿನೈದು ವರ್ಷದಿಂದ ಮೂಲೆಯಲ್ಲಿ ನಿಂತಿದೆ. ಅದು ಮತ್ತೆ ಓಡಬೇಕು. ಎಲ್ಲಿಂದ ಶುರು ಮಾಡಲಿ?" ಹೀಗೆ ಕೇಳುವವರ ಮನಸ್ಸಿನಲ್ಲಿ ಎರಡು ಉಪಾಯಗಳು ಆಗಲೇ ಇರುತ್ತವೆ. ಹೊಸ ಪೆಟ್ರೋಲ್ ತುಂಬಿ ಕಿಕ್ ಹೊಡೆದು ನೋಡುವುದು ಒಂದು, ಎಲ್ಲವನ್ನೂ ಬಿಚ್ಚಿ ಬಣ್ಣಕ್ಕೆ ಕಳಿಸುವುದು ಇನ್ನೊಂದು. ಎರಡನ್ನೂ ಮಾಡಬೇಡಿ ಎನ್ನುವುದರಿಂದಲೇ ನನ್ನ ಉತ್ತರ ಆರಂಭವಾಗುತ್ತದೆ.

ಓಡಿ ಸವೆದ ಬೈಕು ಬೇರೆ, ನಿಂತು ಕೆಟ್ಟ ಬೈಕು ಬೇರೆ. ಓಡಿದ ಬೈಕಿನಲ್ಲಿ ಯಾವ ಭಾಗ ಎಷ್ಟು ಸವೆದಿದೆ ಎಂಬುದನ್ನು ಅದರ ಸದ್ದು ಮತ್ತು ಹೊಗೆಯೇ ಹೇಳುತ್ತವೆ. ನಿಂತ ಬೈಕು ಏನನ್ನೂ ಹೇಳುವುದಿಲ್ಲ. ಪೆಟ್ರೋಲ್ ಆವಿಯಾಗಿ ಅಂಟಾಗಿರುತ್ತದೆ, ತೇವ ಕುಳಿತಲ್ಲಿ ತುಕ್ಕು ಹಿಡಿದಿರುತ್ತದೆ, ರಬ್ಬರು ಕಲ್ಲಿನಂತಾಗಿರುತ್ತದೆ, ಆದರೂ ಹೊರಗಿನಿಂದ ನೋಡಿದರೆ ಧೂಳು ಬಿಟ್ಟು ಬೇರೇನೂ ಕಾಣುವುದಿಲ್ಲ. ನಾನು ಕೈ ಹಾಕಿದ ಮೊದಲ ಬೈಕಿನ ಕಿಕ್ಕರ್ ಸ್ವಲ್ಪ ಬಿಗಿಯಾಗಿ ಕೆಳಗಿಳಿಯುತ್ತಿತ್ತು. ಎಣ್ಣೆ ಒಣಗಿರಬೇಕು ಎಂದುಕೊಂಡು ಮೈಭಾರವನ್ನೆಲ್ಲ ಹಾಕಿ ನಾಲ್ಕೈದು ಸಲ ತುಳಿದೆ. ಸಿಲಿಂಡರಿನ ಮೇಲಿನ ಮುಚ್ಚಳವಾದ ಹೆಡ್ ಬಿಚ್ಚಿದಾಗ ಒಳಗೋಡೆಯಲ್ಲಿ ಮೇಲಿಂದ ಕೆಳಕ್ಕೆ ಉಗುರಿಗೆ ತಡೆಯುವಷ್ಟು ಆಳದ ಗೀರು ಬಿದ್ದಿತ್ತು. ತುಕ್ಕಿನಲ್ಲಿ ಸಿಕ್ಕಿಕೊಂಡಿದ್ದ ಪಿಸ್ಟನ್ನಿನ ರಿಂಗು ಮುರಿದು ಅಲ್ಲೇ ಉಜ್ಜಿತ್ತು. ಒಂದು ವಾರ ಎಣ್ಣೆಯಲ್ಲಿ ನೆನೆಸಿದ್ದರೆ ಹೊಸ ರಿಂಗಿನಲ್ಲಿ ಮುಗಿಯಬಹುದಾಗಿದ್ದ ಕೆಲಸ, ಸಿಲಿಂಡರ್ ಕೊರೆಸಿ ದೊಡ್ಡ ಅಳತೆಯ ಪಿಸ್ಟನ್ ಹಾಕಿಸುವವರೆಗೆ ಹೋಯಿತು. ಅಂದಿನಿಂದ ಯಾವ ಬೈಕು ಬಂದರೂ ಕಿಕ್ಕರನ್ನು ಬಿಚ್ಚಿ ಬೇರೆ ಇಡುತ್ತೇನೆ. ಅದು ಇದ್ದಲ್ಲಿ ಇದ್ದರೆ ನೋಡಲು ಬಂದವರಲ್ಲಿ ಒಬ್ಬರಾದರೂ ತುಳಿದೇ ತುಳಿಯುತ್ತಾರೆ.

ಬಿಚ್ಚುವ ಮೊದಲು ಎಂಜಿನ್ ನಂಬರು ಮತ್ತು ಚಾಸಿ ನಂಬರು ದಾಖಲೆಗೆ ಹೊಂದುತ್ತವೆಯೇ ಎಂದು ನೋಡಿ, ಸುತ್ತಲೂ ಧಾರಾಳವಾಗಿ ಫೋಟೋ ತೆಗೆದುಕೊಳ್ಳಬೇಕು. ವಯರು ಯಾವ ಕಡೆಯಿಂದ ಸುತ್ತಿ ಬಂದಿತ್ತು, ವಾಷರು ಒಳಗಿತ್ತೋ ಹೊರಗಿತ್ತೋ ಎಂಬುದು ಮೂರು ತಿಂಗಳ ನಂತರ ಯಾರಿಗೂ ನೆನಪಿರುವುದಿಲ್ಲ.

ಇನ್ನು ಜಾಮ್ ಆದ ಪಿಸ್ಟನ್ನು. ಈ ಕೆಲಸದಲ್ಲಿ ಅತ್ಯಂತ ಹೆಚ್ಚು ತಾಳ್ಮೆ ಬೇಡುವುದು ಇದೇ, ಮತ್ತು ಜನ ಅತ್ಯಂತ ಬೇಗ ಸುತ್ತಿಗೆ ಎತ್ತಿಕೊಳ್ಳುವುದೂ ಇಲ್ಲಿಯೇ. ಸ್ಪಾರ್ಕ್ ಪ್ಲಗ್ ತೆಗೆದು, ಟಾರ್ಚು ಬಿಟ್ಟು ಪಿಸ್ಟನ್ ಎಲ್ಲಿ ನಿಂತಿದೆ ಎಂದು ನೋಡುತ್ತೇನೆ. ಅದು ಕೆಳಗೆ ನಿಂತಿದ್ದರೆ ಮೇಲಿನ ಗೋಡೆಯೆಲ್ಲ ಇಷ್ಟು ವರ್ಷ ತೇವಕ್ಕೆ ತೆರೆದುಕೊಂಡಿತ್ತು ಎಂದರ್ಥ. ಆ ತುಕ್ಕಿನ ಮೇಲೆ ರಿಂಗನ್ನು ಎಳೆಯುವುದಕ್ಕಿಂತ ಮೊದಲೇ ಹೆಡ್ ತೆಗೆದು ಗೋಡೆಯನ್ನು ಶುಚಿ ಮಾಡುವುದು ಒಳ್ಳೆಯದು. ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಎಣ್ಣೆ ಮತ್ತು ಅಸಿಟೋನನ್ನು ಸಮಸಮ ಬೆರೆಸಿ ಪ್ಲಗ್ಗಿನ ತೂತಿನಿಂದ ಸುರಿಯುತ್ತೇನೆ. ಅಸಿಟೋನ್ ಬಲು ಬೇಗ ಆವಿಯಾಗುವುದರಿಂದ ದಿನಕ್ಕೊಮ್ಮೆ ಮತ್ತೆ ಸ್ವಲ್ಪ ಸೇರಿಸಬೇಕು, ಬೆಂಕಿಯನ್ನು ಹತ್ತಿರ ತರಲೇಬಾರದು. ಅಸಿಟೋನ್ ಇಲ್ಲದಿದ್ದರೆ ಬರೀ ಡೀಸೆಲ್ ಕೂಡ ಕೆಲಸ ಮಾಡುತ್ತದೆ, ನಿಧಾನ ಅಷ್ಟೆ.

ಮೂರ್ನಾಲ್ಕು ದಿನಗಳಾದ ಮೇಲೆ ಬೈಕನ್ನು ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ತೂಗುತ್ತೇನೆ. ಟಾಪ್ ಗೇರೇ ಏಕೆಂದರೆ ಚಕ್ರದಿಂದ ಎಂಜಿನನ್ನು ತಿರುಗಿಸಲು ಅತಿ ಕಡಿಮೆ ಬಲ ಸಾಕಾಗುವುದು ಆ ಗೇರಿನಲ್ಲಿ. ಚೈನಿನ ಸಡಿಲವನ್ನು ಎಳೆದು ಕಳೆದ ಮೇಲೆ ರಿಮ್ಮಿನ ಮೇಲೆ ಸೀಮೆಸುಣ್ಣದ ಒಂದು ಗೆರೆ, ಅದರ ಎದುರಿಗೆ ಚೌಕಟ್ಟಿನ ಮೇಲೆ ಇನ್ನೊಂದು ಗೆರೆ ಎಳೆದಿಟ್ಟರೆ, ಕೈಗೆ ಗೊತ್ತಾಗದ ಚಲನೆ ಕಣ್ಣಿಗೆ ಕಾಣುತ್ತದೆ. ಒಂದು ಬೈಕಿನಲ್ಲಿ ಎಂಟು ದಿನ ಆ ಎರಡು ಗೆರೆಗಳು ಕದಲಲಿಲ್ಲ. ಒಂಬತ್ತನೆಯ ದಿನ ಸಂಜೆ ಕೂದಲೆಳೆಯಷ್ಟು ಸರಿದವು, ಒಳಗೆ ಎಣ್ಣೆ ಹೀರಿದ ಸಣ್ಣ ಸದ್ದೊಂದು ಬಂತು. ಅಲ್ಲಿಗೆ ನಿಲ್ಲಿಸಿ ಮತ್ತಷ್ಟು ಎಣ್ಣೆ ಹಾಕಿ ಮಲಗಲು ಹೋದೆ. ಮರುದಿನ ಎಂಜಿನು ಯಾವ ಬಲವಂತವೂ ಇಲ್ಲದೆ ಪೂರ್ತಿ ಸುತ್ತಿತು.

ಸುತ್ತಿತು ಎಂದು ಸ್ಟಾರ್ಟ್ ಮಾಡುವಂತಿಲ್ಲ. ಸಿಲಿಂಡರನ್ನು ಎತ್ತಿ ರಿಂಗುಗಳನ್ನು ನೋಡಲೇಬೇಕು. ಹಳೆಯ ರಿಂಗನ್ನು ಸಿಲಿಂಡರಿನೊಳಗೆ ಇಟ್ಟು, ಪಿಸ್ಟನ್ನಿನ ತಲೆಯಿಂದ ನೇರವಾಗಿ ತಳ್ಳಿ, ಅದರ ಎರಡು ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ (ಗೊತ್ತಾದ ದಪ್ಪದ ತೆಳು ತಗಡುಗಳ ಕಟ್ಟು) ಅಳೆದರೆ ಎಷ್ಟು ಸವೆದಿದೆ ಎಂಬುದು ತಿಳಿಯುತ್ತದೆ. 70 ಮಿ.ಮೀ. ಬೋರಿನಲ್ಲಿ, ಅಂದರೆ ಅಷ್ಟು ಒಳವ್ಯಾಸದ ಸಿಲಿಂಡರಿನಲ್ಲಿ, ಹೊಸ ರಿಂಗಿನ ಸಂದು ಸುಮಾರು 0.2ರಿಂದ 0.3 ಮಿ.ಮೀ. ಇರುತ್ತದೆ.

ಇಲ್ಲಿಂದ ಮುಂದಿನ ದಾರಿ ಎಂಜಿನಿನ ಜಾತಿಯ ಮೇಲೆ ನಿಂತಿದೆ. ಟೂ ಸ್ಟ್ರೋಕ್ ಆಗಿದ್ದರೆ ಕ್ರ್ಯಾಂಕಿನ (ಪಿಸ್ಟನ್ನಿನ ಏರಿಳಿತವನ್ನು ತಿರುಗಾಟವಾಗಿಸುವ ದಂಡ) ಎರಡೂ ಬದಿಯ ಆಯಿಲ್ ಸೀಲುಗಳನ್ನು ಚೆನ್ನಾಗಿ ಕಂಡರೂ ಬದಲಾಯಿಸಬೇಕೆಂದು ನಾನು ಹಟ ಹಿಡಿಯುತ್ತೇನೆ. ಒಣಗಿದ ಸೀಲಿನ ಸಂದಿನಿಂದ ಒಳಗೆ ಹೋಗುವ ಗಾಳಿ ಮಿಶ್ರಣದಲ್ಲಿ ಪೆಟ್ರೋಲಿನ ಪಾಲನ್ನು ಕಡಿಮೆ ಮಾಡುತ್ತದೆ. ಅಂಥ ಎಂಜಿನು ಮೊದಲ ಕೆಲವು ನಿಮಿಷ ಚುರುಕಾಗಿ ಓಡಿದಂತೆ ಕಂಡು, ಆಮೇಲೆ ಅತಿಯಾಗಿ ಕಾದು ಪಿಸ್ಟನ್ನನ್ನೇ ಕರಗಿಸಬಲ್ಲದು. ಎಣ್ಣೆಗೆ ಪ್ರತ್ಯೇಕ ಟ್ಯಾಂಕಿರುವ ಹಳೆಯ ಫೋರ್ ಸ್ಟ್ರೋಕ್‌ಗಳಲ್ಲಿ ಕತೆ ಬೇರೆ. ವರ್ಷಗಳ ಕಾಲ ನಿಂತಾಗ ಟ್ಯಾಂಕಿನ ಎಣ್ಣೆ ಪಂಪಿನ ಮೂಲಕ ಹನಿಹನಿಯಾಗಿ ಇಳಿದು ಕ್ರ್ಯಾಂಕ್ ಕೂತಿರುವ ಕೆಳಗಿನ ಕ್ರ್ಯಾಂಕ್‌ಕೇಸಿನಲ್ಲಿ ತುಂಬಿಕೊಳ್ಳುತ್ತದೆ. ಟ್ಯಾಂಕು ಖಾಲಿ ಕಂಡಿತೆಂದು ಮೇಲಿಂದ ಮತ್ತೆ ಎಣ್ಣೆ ಸುರಿಯುವ ಮೊದಲು ಕೆಳಗಿನ ಡ್ರೈನ್ ಬೋಲ್ಟ್ ಬಿಚ್ಚಿ ನೋಡಬೇಕು.

ಬಿಚ್ಚುವುದೆಂದರೆ ಸ್ಕ್ರೂಗಳೊಡನೆ ಹೋರಾಟ. ಅಲ್ಯೂಮಿನಿಯಂ ಕೇಸಿನೊಳಗೆ ಉಕ್ಕಿನ ಸ್ಕ್ರೂ ವರ್ಷಗಟ್ಟಲೆ ಕುಳಿತರೆ ಎರಡು ಲೋಹಗಳ ನಡುವೆ ಬಿಳಿಯ ಪುಡಿ ಬೆಳೆದು ಎರಡನ್ನೂ ಬೆಸೆದುಬಿಡುತ್ತದೆ. ಕಾಯಿಸಿದಾಗ ಅಲ್ಯೂಮಿನಿಯಂ ಉಕ್ಕಿನ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ ಎಂಬುದೇ ನಮಗಿರುವ ದೊಡ್ಡ ಸಹಾಯ. ಬಿಸಿಗಾಳಿಯ ಗನ್ನಿನಿಂದ ಸ್ಕ್ರೂವಿನ ಸುತ್ತಲ ಕೇಸನ್ನು ಕಾಯಿಸಿದರೆ ಹಿಡಿತ ಸಡಿಲವಾಗುತ್ತದೆ. ಪೆಟ್ರೋಲ್ ಟ್ಯಾಂಕನ್ನು ಅದಕ್ಕೂ ಮೊದಲೇ ಇಳಿಸಿ ದೂರ ಇಟ್ಟಿರಬೇಕು. ಹಳೆಯ ಬ್ರಿಟಿಷ್ ಬೈಕಾದರೆ ಮೆಟ್ರಿಕ್ ಸ್ಪ್ಯಾನರನ್ನು ಅಂದಾಜಿಗೆ ತೂರಿಸಬಾರದು, ನಟ್ಟಿನ ಮೂಲೆಗಳು ಉರುಟಾಗುತ್ತವೆ. ಆ ಬೈಕುಗಳಿಗೆ ಬೇಕಾದ ಹಳೆಯ ಬ್ರಿಟಿಷ್ ಅಳತೆಯ ವಿಟ್‌ವರ್ತ್ ಸ್ಪ್ಯಾನರಿನ ಮೇಲೆ ಬರೆದಿರುವುದು ನಟ್ಟಿನ ಅಗಲವಲ್ಲ, ಬೋಲ್ಟಿನ ದಪ್ಪ. ಹೊಸಬರು ಎಡವುವುದು ಇಲ್ಲೇ. ಒಂದೇ ಕವರಿನ ಸ್ಕ್ರೂಗಳು ಬೇರೆ ಬೇರೆ ಉದ್ದ ಇರುವುದರಿಂದ, ಕವರಿನ ಆಕಾರವನ್ನು ರಟ್ಟಿನ ಮೇಲೆ ಬರೆದು, ತೂತು ಇದ್ದಲ್ಲೆಲ್ಲ ಚುಚ್ಚಿ, ಬಿಚ್ಚಿದ ಸ್ಕ್ರೂವನ್ನು ಅದರದೇ ಜಾಗದಲ್ಲಿ ನಿಲ್ಲಿಸುತ್ತೇನೆ. ಉದ್ದದ ಸ್ಕ್ರೂ ಗಿಡ್ಡ ತೂತಿಗೆ ಹೋದರೆ ಕೇಸು ಸೀಳುತ್ತದೆ.

ಟ್ಯಾಂಕಿನ ತುಕ್ಕಿಗೆ ನನಗೆ ಮೆಚ್ಚುಗೆಯಾಗಿರುವುದು ವಿದ್ಯುತ್ತಿನ ವಿಧಾನ. ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ ಕರಗಿಸಿ ಟ್ಯಾಂಕಿಗೆ ತುಂಬಿ, ಟ್ಯಾಂಕಿಗೆ ಎಲ್ಲೂ ತಾಗದಂತೆ ಒಂದು ಕಬ್ಬಿಣದ ಸರಳನ್ನು ಬಾಯಿಯಿಂದ ಇಳಿಬಿಟ್ಟು, ಬ್ಯಾಟರಿ ಚಾರ್ಜರಿನ ಪಾಸಿಟಿವ್ ತುದಿಯನ್ನು ಸರಳಿಗೂ ನೆಗೆಟಿವ್ ತುದಿಯನ್ನು ಟ್ಯಾಂಕಿಗೂ ಕೊಡಬೇಕು. ತಿರುವುಮುರುವಾದರೆ ಸವೆಯುವುದು ಟ್ಯಾಂಕು. ಸ್ಟೇನ್‌ಲೆಸ್ ಸ್ಟೀಲಿನ ಸರಳು ಬೇಡ, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಸೇರುತ್ತದೆ. ಹೈಡ್ರೋಜನ್ ಹೊರಡುವುದರಿಂದ ಕೆಲಸ ಬಯಲಿನಲ್ಲೇ ನಡೆಯಬೇಕು. ತೂತಿದ್ದ ಟ್ಯಾಂಕನ್ನು ಖಾಲಿಯಾಗಿದೆ ಎಂಬ ಧೈರ್ಯದಿಂದ ಬೆಸುಗೆಗೆ ಒಡ್ಡಬಾರದು. ಉಳಿದ ಆವಿಯೊಂದೇ ಸಿಡಿಯಲು ಸಾಕು.

ಕಾರ್ಬುರೇಟರಿನಲ್ಲಿ ಕಟ್ಟಿಕೊಳ್ಳುವುದು ಹೆಚ್ಚಾಗಿ ಪೈಲಟ್ ಜೆಟ್, ಅಂದರೆ ಎಂಜಿನ್ ನಿಧಾನವಾಗಿ ತಿರುಗುವಾಗ ಪೆಟ್ರೋಲ್ ಬಿಡುವ ಸಣ್ಣ ತೂತಿನ ಬಿಡಿಭಾಗ. ಡೆಲೊರ್ಟೊದಂಥ ಕಾರ್ಬುರೇಟರುಗಳಲ್ಲಿ ಜೆಟ್ಟಿನ ಮೇಲೆ 45 ಎಂದಿದ್ದರೆ ತೂತು 0.45 ಮಿ.ಮೀ. ಎಂದರ್ಥ. ಅಷ್ಟು ಸಣ್ಣ ತೂತಿಗೆ ಉಕ್ಕಿನ ತಂತಿ ಹಾಕಿ ಕೆರೆದರೆ ಹಿತ್ತಾಳೆ ಸವೆದು ಅಳತೆಯೇ ಕೆಡುತ್ತದೆ. ದ್ರಾವಣದಲ್ಲಿ ನೆನೆಸಿ, ಗಾಳಿ ಹೊಡೆದು, ಬೆಳಕಿಗೆ ಹಿಡಿದು ದುಂಡಗಿನ ಚುಕ್ಕೆ ಕಾಣುವವರೆಗೆ ಬಿಡಬಾರದು.

ಕರೆಂಟಿನ ಕೆಲಸ ಜನ ಹೆದರುವಷ್ಟು ಕಷ್ಟದ್ದಲ್ಲ. ಪ್ಲಗ್ಗಿನಲ್ಲಿ ಕಿಡಿ ಹುಟ್ಟಿಸಲು ತೆರೆದು ಮುಚ್ಚುವ ಪಾಯಿಂಟುಗಳನ್ನು ಉಜ್ಜಿ, ಕಂಪನಿಯ ಪುಸ್ತಕ ಹೇಳಿದಷ್ಟು ಸಂದು ಕೊಟ್ಟು (ಬಹಳಷ್ಟು ಬೈಕುಗಳಲ್ಲಿ 0.35ರಿಂದ 0.4 ಮಿ.ಮೀ.), ಅರ್ತಿಂಗ್ ಕೊಡುವ ಜಾಗಗಳ ತುಕ್ಕು ಮತ್ತು ಬಣ್ಣ ತೆಗೆದರೆ ಅರ್ಧ ಕೆಲಸ ಆದಂತೆ. ಬ್ಯಾಟರಿ ಜೋಡಿಸುವ ಮೊದಲು ಮಾತ್ರ ಬೈಕು 6 ವೋಲ್ಟಿನದೋ 12ರದೋ, ಚೌಕಟ್ಟಿಗೆ ಅರ್ತ್ ಆಗಿರುವುದು ಪಾಸಿಟಿವ್ವೋ ನೆಗೆಟಿವ್ವೋ ಎಂದು ನೋಡಿಕೊಳ್ಳಬೇಕು.

ಬ್ರೇಕು ಮತ್ತು ಟೈರಿನ ವಿಷಯದಲ್ಲಿ ಚೌಕಾಸಿ ಇಲ್ಲ. ಹಳೆಯ ಬ್ರೇಕ್ ಶೂಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆ ಇರುವುದರಿಂದ ಡ್ರಮ್ಮಿನ ಧೂಳನ್ನು ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಟೈರಿನ ಬದಿಯಲ್ಲಿ ಅದು ತಯಾರಾದ ಕಾಲ ಹೇಳುವ ನಾಲ್ಕು ಅಂಕಿಗಳಿದ್ದರೆ ಮೊದಲೆರಡು ವಾರ, ನಂತರದ ಎರಡು ವರ್ಷ. ಮೂರೇ ಅಂಕಿಗಳಿದ್ದರೆ ಅದು 2000ಕ್ಕಿಂತ ಹಿಂದಿನದು, ಟೈರಿನ ಮೇಲಿನ ಕಚ್ಚುಗಳು ಎಷ್ಟೇ ಆಳವಾಗಿ ಉಳಿದಿದ್ದರೂ ಅದನ್ನು ನಂಬಿ ರಸ್ತೆಗೆ ಇಳಿಯುವಂತಿಲ್ಲ.

ಬಣ್ಣ? ಅದನ್ನು ಕೊನೆಗೆ ಇಟ್ಟಿದ್ದೇನೆ, ಸಾಧ್ಯವಾದರೆ ಬೇಡವೆಂದೇ ಹೇಳುತ್ತೇನೆ. ಕಾರ್ಖಾನೆಯಲ್ಲಿ ಕೈಯಿಂದ ಎಳೆದ ಗೆರೆಗಳು ಟ್ಯಾಂಕಿನ ಮೇಲೆ ಅರ್ಧವಾದರೂ ಉಳಿದಿದ್ದರೆ, ತಂದೆಯವರ ಮೊಣಕಾಲು ತಾಗಿ ತಾಗಿ ನುಣುಪಾದ ಜಾಗ ಇನ್ನೂ ಕಾಣುತ್ತಿದ್ದರೆ, ಅದನ್ನು ಉಜ್ಜಿ ಅಳಿಸಿದ ಮೇಲೆ ಯಾವ ದುಡ್ಡಿಗೂ ಮತ್ತೆ ಸಿಗುವುದಿಲ್ಲ. ಮೆತ್ತಗೆ ತೊಳೆದು ಮೇಣ ಹಚ್ಚಿ, ಒಂದು ವರ್ಷ ಓಡಿಸಿ, ಆಮೇಲೆ ನಿರ್ಧರಿಸಿ.

ಇಷ್ಟಾದ ನಂತರ ಕಿಕ್ಕರನ್ನು ಮತ್ತೆ ಜೋಡಿಸಬಹುದು. ಎಣ್ಣೆಗೆ ಪ್ರತ್ಯೇಕ ಟ್ಯಾಂಕಿರುವ ಫೋರ್ ಸ್ಟ್ರೋಕ್ ಆದರೆ ಪ್ಲಗ್ ಹೊರಗಿಟ್ಟುಕೊಂಡೇ, ಎಣ್ಣೆ ಟ್ಯಾಂಕಿಗೆ ಮರಳಿ ಬರುವುದು ಕಣ್ಣಿಗೆ ಕಾಣುವವರೆಗೆ ನಿಧಾನವಾಗಿ ತುಳಿಯಿರಿ. ಆಮೇಲೆ ಪ್ಲಗ್, ಆಮೇಲೆ ಪೆಟ್ರೋಲ್. ಎಂಜಿನು ಸ್ಟಾರ್ಟ್ ಆದರೆ ಎರಡು ಮೂರು ನಿಮಿಷ ಸದ್ದು ಕೇಳಿ ಆರಿಸಿಬಿಡಿ. ಪೂರ್ತಿ ತಣ್ಣಗಾದ ಮೇಲೆ ಹೆಡ್ಡಿನ ಬೋಲ್ಟುಗಳನ್ನು ಮತ್ತೊಮ್ಮೆ ಅಳತೆಗೆ ಬಿಗಿ ಮಾಡಿ, ಹೊಸದಾಗಿ ಹಾಕಿದ ಎಣ್ಣೆಯನ್ನೂ ಮೊದಲ ನೂರು ಕಿಲೋಮೀಟರಿನೊಳಗೆ ಒಂದು ಬಿಳಿಯ ತಟ್ಟೆಗೆ ಇಳಿಸಿ ನೋಡಿ. ಅದರಲ್ಲಿ ಹೊಳೆಯುವ ಪುಡಿ ಎಷ್ಟಿದೆ ಎಂಬುದರ ಮೇಲೆ ಬೈಕನ್ನು ಮುಂದೆ ಎಷ್ಟು ದೂರ ಒಯ್ಯಬಹುದೆಂಬುದು ಗೊತ್ತಾಗುತ್ತದೆ.