ಗೆದ್ದರೂ ಕೈ ಕಟ್ಟಿದಂತೆ

2012ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷದ ಒಬಾಮಾ ಎರಡನೇ ಸಲ ಗೆದ್ದರು. ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಅವರ ಪಕ್ಷದ ಕೈಯಲ್ಲೇ ಉಳಿಯಿತು, 435 ಜನರ ಕೆಳಮನೆ ಮಾತ್ರ ಎದುರು ಪಕ್ಷವಾದ ರಿಪಬ್ಲಿಕನ್ನರ ಕೈಬಿಡಲಿಲ್ಲ. ಆಮೇಲೆ ಆದದ್ದು ನೋಡಿ. ವಲಸೆ ಸುಧಾರಣೆಯ ಮಸೂದೆ 2013ರ ಜೂನ್‌ನಲ್ಲಿ ಸೆನೆಟ್‌ನಲ್ಲಿ 68-32ರಿಂದ ಪಾಸಾಯಿತು. ಕೆಳಮನೆಯ ಸ್ಪೀಕರ್ ಅದನ್ನು ಮತಕ್ಕೇ ಹಾಕಲಿಲ್ಲ. ಸೋಲಿಸುವ ಶ್ರಮವೂ ಬೇಕಿಲ್ಲ, ಕೈಗೆತ್ತಿಕೊಳ್ಳದಿದ್ದರೆ ಸಾಕು! 218 ಸದಸ್ಯರು ಸಹಿ ಹಾಕಿ ಮಸೂದೆಯನ್ನು ಹೊರಗೆಳೆದು ಮತಕ್ಕೆ ತರುವ ದಾರಿಯೇನೋ ಇದೆ; ಸ್ವಪಕ್ಷದ ನಾಯಕನ ವಿರುದ್ಧ ಸಹಿ ಹಾಕುವವರು ಸಿಗಬೇಕಲ್ಲ.

ಬಜೆಟ್ಟಿನ ಪಾಡು ಇನ್ನೂ ಕಷ್ಟ. ಅಲ್ಲಿ ಹಣಕಾಸು ವರ್ಷ ಶುರುವಾಗುವುದು ಅಕ್ಟೋಬರ್ 1ಕ್ಕೆ. ಅಷ್ಟರೊಳಗೆ ಎರಡೂ ಸದನಗಳು ಒಂದೇ ಖರ್ಚಿನ ಮಸೂದೆ ಒಪ್ಪದಿದ್ದರೆ ಸರ್ಕಾರಿ ಕಚೇರಿಗಳಿಗೆ ಬೀಗ. 2013ರಲ್ಲಿ 16 ದಿನ ಹಾಗೇ ಆಯಿತು. ರಾಷ್ಟ್ರೀಯ ಉದ್ಯಾನಗಳ ಗೇಟೂ ಮುಚ್ಚಿತ್ತು.

ಮಸೂದೆಯನ್ನು ತಿರಸ್ಕರಿಸುವ ಅಧಿಕಾರ, ಅಂದರೆ ವೀಟೋ, ಅಧ್ಯಕ್ಷರಿಗೆ ಇದೆಯಲ್ಲ ಅಂತೀರಾ? ಅದು ಬೇಡದ್ದನ್ನು ತಡೆಯಲಿಕ್ಕೆ, ಬೇಕಾದ್ದನ್ನು ತರಲಿಕ್ಕಲ್ಲ.

ಅಧ್ಯಕ್ಷರು ಮಾಡುವ ನ್ಯಾಯಾಧೀಶರ, ಉನ್ನತ ಅಧಿಕಾರಿಗಳ ನೇಮಕಾತಿಗೆ ಮಾತ್ರ ಸೆನೆಟ್ ಒಂದರ ಒಪ್ಪಿಗೆಯೇ ಸಾಕು. ಅಲ್ಲೂ ಚರ್ಚೆ ಮುಗಿಸಲು 60 ಮತ ಬೇಕಿತ್ತು. 2013ರ ನವೆಂಬರ್‌ನಲ್ಲಿ ಸೆನೆಟ್‌ನ ಡೆಮಾಕ್ರಟರು ಆ ನಿಯಮವನ್ನೇ ಬದಲಿಸಿ, ಸುಪ್ರೀಂ ಕೋರ್ಟ್ ಒಂದನ್ನು ಬಿಟ್ಟು ಉಳಿದ ಹುದ್ದೆಗಳಿಗೆ ಸರಳ ಬಹುಮತ ಸಾಕೆಂದು ಮಾಡಿಕೊಂಡರು.