ಆಳ ಅಳೆಯುವ ಮೊದಲು ನೀರನ್ನು ಅಳೆಯಿರಿ

ಮಂಗಳೂರಿನಲ್ಲಿ ನದಿಗಳು ಕಡಲು ಸೇರುವ ಅಳಿವೆಬಾಗಿಲಲ್ಲಿ ಬೋಟು ಓಡಿಸುತ್ತಾ ನೀರಿನ ಆಳ ಅಳೆಯುವುದು ನನ್ನ ಕೆಲಸ. ನಮ್ಮ ತಂಡೇಲರು (ಬೋಟಿನ ಮುಖ್ಯಸ್ಥರು) ಒಮ್ಮೆ ಕೇಳಿದರು: "ಎಂತ ಮಾರಾಯ್ರೆ, ಚಂದ್ರನ ಗುಂಡಿಗಳ ಫೋಟೋನೂ ಬರ್ತದೆ. ಈ ಅಳಿವೆಯ ಆಳ ಹೇಳ್ಲಿಕ್ಕೆ ಇಷ್ಟು ದಿನ ಬೇಕಾ?"

ಕೇಳಬೇಕಾದ ಪ್ರಶ್ನೆಯೇ. ಬಾಹ್ಯಾಕಾಶಕ್ಕಿಂತ ಸಮುದ್ರವೇ ನಮಗೆ ಕಡಿಮೆ ಗೊತ್ತು ಎಂದು ಜನ ಹೇಳುವುದುಂಟು. ಅದು ಸ್ವಲ್ಪ ಜಾಸ್ತಿಯಾಯಿತು, ಬಾಹ್ಯಾಕಾಶಕ್ಕೆ ಕೊನೆ ಎಲ್ಲಿದೆ? ಆದರೆ ಚಂದ್ರ, ಮಂಗಳದ ನೆಲದ ಮಟ್ಟಿಗೆ ಮಾತು ನಿಜ. ಜಗತ್ತಿನ ಸಮುದ್ರತಳದಲ್ಲಿ ಸರಿಯಾಗಿ ಅಳೆದದ್ದು ಸುಮಾರು ಕಾಲು ಭಾಗ. ಉಳಿದದ್ದು ಉಪಗ್ರಹದ ಅಂದಾಜು. ನೀರಿನಡಿಯ ಬೆಟ್ಟ ತನ್ನ ಗುರುತ್ವದ ಸೆಳೆತದಿಂದ ಮೇಲಿನ ನೀರನ್ನು ತುಸು ಉಬ್ಬಿಸುತ್ತದೆ. ಆ ಉಬ್ಬು ನೋಡಿ ಕೆಳಗೆ ಬೆಟ್ಟ ಇದೆ ಅನ್ನುತ್ತಾರೆ. ಸಣ್ಣಪುಟ್ಟದ್ದು ಅದರಲ್ಲಿ ಕಾಣುವುದಿಲ್ಲ.

ಅಡ್ಡ ಬರುವುದು ನೀರೇ. 200 ಮೀಟರ್ ಇಳಿಯುವಷ್ಟರಲ್ಲಿ ಬೆಳಕು ಹೆಚ್ಚುಕಡಿಮೆ ಮುಗಿದಿರುತ್ತದೆ. ನೇತ್ರಾವತಿ, ಫಲ್ಗುಣಿಯ ಮಳೆಗಾಲದ ಕೆಂಪು ನೀರಲ್ಲಂತೂ ಒಂದು ಮೊಳ ಕೆಳಗೂ ಕಾಣದು. ರೇಡಾರ್, ಜಿಪಿಎಸ್ ನೀರೊಳಗೆ ನಡೆಯುವುದಿಲ್ಲ. ಉಳಿದದ್ದು ಶಬ್ದ. ಅದು ತಳಕ್ಕೆ ಬಡಿದು ವಾಪಸ್ ಬರುವ ಸಮಯದಿಂದ ಎಕೋ ಸೌಂಡರ್ ಆಳ ಲೆಕ್ಕ ಹಾಕುತ್ತದೆ.

ಆ ಲೆಕ್ಕಕ್ಕೆ ಶಬ್ದದ ವೇಗ ಬೇಕು. ಹೊಸಬರು ಎಡವುವುದು ಇಲ್ಲೇ. ಅಳಿವೆಯಲ್ಲಿ ಮೇಲೆ ಸಿಹಿನೀರು, ಕೆಳಗೆ ಉಪ್ಪುನೀರು. ನಮ್ಮ ಕಡಲಿನ ಬೆಚ್ಚಗಿನ ಉಪ್ಪುನೀರಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,540 ಮೀಟರ್ ಓಡುತ್ತದೆ. ಅಷ್ಟೇ ಬಿಸಿಯ ಸಿಹಿನೀರಲ್ಲಿ 1,505ರ ಆಸುಪಾಸು. ತಪ್ಪು ವೇಗ ಹಾಕಿದಿರೋ, 10 ಮೀಟರಿಗೆ ಒಂದು ಗೇಣು ವ್ಯತ್ಯಾಸ! ಅದಕ್ಕೇ ಬಾರ್ ಚೆಕ್. ಗುರುತು ಹಾಕಿದ ಸರಪಳಿಗೆ ಕಬ್ಬಿಣದ ತಟ್ಟೆ ಕಟ್ಟಿ ಸೌಂಡರಿನ ಅಡಿಗೆ 2 ಮೀಟರ್, 4 ಮೀಟರ್ ಎಂದು ಇಳಿಸುತ್ತಾ ಹೋಗುವುದು, ಪರದೆಯೂ ಅಷ್ಟೇ ತೋರಿಸುತ್ತದಾ ಎಂದು ನೋಡುವುದು. ಬೋಟು ಒಂದೇ ಸಮ ಹೊಯ್ದಾಡುತ್ತದೆ. ಅಂಗೈಗೆಲ್ಲ ತುಕ್ಕು. ಪಕ್ಕದಲ್ಲಿ ಯಾರಾದರೂ ವಾಂತಿ ಮಾಡುತ್ತಿರುತ್ತಾರೆ. ಆದರೂ ಬಿಡುವ ಹಾಗಿಲ್ಲ. ಭರತ ಇಳಿತಕ್ಕೆ ತಿರುಗಿತೋ, ಮತ್ತೆ ಇಳಿಸಿ ನೋಡಬೇಕು.

ಆಳ ಕಡಿಮೆ ಇದ್ದಲ್ಲಿ ಕೆಲಸ ಬೇಗ ಮುಗಿಯುತ್ತದೆ ಅಂದುಕೊಂಡಿದ್ದೀರಾ? ಉಲ್ಟಾ. ಒಂದೇ ಸಲಕ್ಕೆ ಹಲವು ಕಿರಣ ಬಿಡುವ ಎಕೋ ಸೌಂಡರ್ ಆದ ಮಲ್ಟಿಬೀಮ್‌ನ ಶಬ್ದ ಬೀಸಣಿಗೆಯ ಹಾಗೆ ಹರಡುತ್ತದೆ. 4,000 ಮೀಟರ್ ಆಳವಿದ್ದರೆ ಒಂದೇ ಓಟಕ್ಕೆ ಕಿಲೋಮೀಟರ್‌ಗಟ್ಟಲೆ ಅಗಲದ ಪಟ್ಟಿ ಸಿಗುತ್ತದೆ. 10 ಮೀಟರಲ್ಲಿ ಮೂವತ್ತು ನಲವತ್ತು ಮೀಟರ್ ಸಿಕ್ಕರೆ ಪುಣ್ಯ. ಗೆರೆ ಪಕ್ಕ ಗೆರೆ, ನಿಧಾನಕ್ಕೆ ಹೋಗುತ್ತಲೇ ಇರಬೇಕು. ಡೀಸೆಲ್ ಸುಡುತ್ತಲೇ ಇರುತ್ತದೆ.

ಇಷ್ಟೆಲ್ಲ ಮಾಡಿದರೂ ಆ ಅಂಕಿ ಒಂದು ಮಳೆಗಾಲದ ತನಕ ಅಷ್ಟೆ, ಮರಳುದಿಬ್ಬ ಜಾಗ ಬದಲಿಸಿರುತ್ತದೆ. ಜುಲೈ 31ಕ್ಕೆ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗಿಳಿಯುವಾಗ, ಹೋದ ವರ್ಷದ ನಕ್ಷೆ ಹಿಡಿದು ಯಾರಿಗೂ ದಾರಿ ಹೇಳಬೇಡಿ.