ವಿಬಿ 6 ಟೆಕ್ಸ್ಟ್‌ಬಾಕ್ಸ್‌ನಲ್ಲಿ ಕನ್ನಡ ಯಾಕೆ ಪ್ರಶ್ನೆ ಚಿಹ್ನೆ ಆಗುತ್ತದೆ?

ತಿಂಗಳಿಗೆ ಒಂದಾದರೂ ಇಂಥ ಫೋನ್ ಬರುತ್ತದೆ. "ಸರ್, ಹೆಸರೆಲ್ಲ ಕನ್ನಡದಲ್ಲೇ ಇದೆ, ಆಕ್ಸೆಸ್‌ನಲ್ಲಿ ತೆರೆದರೆ ಚೆನ್ನಾಗಿ ಕಾಣುತ್ತೆ, ನಮ್ಮ ಸಾಫ್ಟ್‌ವೇರ್‌ನಲ್ಲಿ ಮಾತ್ರ ಬರೀ ಪ್ರಶ್ನೆ ಚಿಹ್ನೆ. ಯಾವ ಫಾಂಟ್ ಹಾಕಬೇಕು?" ಆಕ್ಸೆಸ್ ಅಂದರೆ ಆ ಹೆಸರುಗಳ ಡೇಟಾಬೇಸ್ ತೆರೆಯುವ ಮೈಕ್ರೋಸಾಫ್ಟ್ ಪ್ರೋಗ್ರಾಂ. ಸಾಫ್ಟ್‌ವೇರ್ ಅಂದರೆ ಇಪ್ಪತ್ತು ವರ್ಷದ ಹಿಂದೆ ಯಾರೋ ವಿಷುಯಲ್ ಬೇಸಿಕ್ 6 (ವಿಬಿ 6) ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದುಕೊಟ್ಟದ್ದು. ಬರೆದವರು ಈಗ ಫೋನ್ ಎತ್ತುವುದಿಲ್ಲ, ರಸೀದಿ ಮಾತ್ರ ದಿನಾ ಅದರಲ್ಲೇ ಆಗಬೇಕು.

ನನ್ನ ಉತ್ತರ: ಯಾವ ಫಾಂಟೂ ಬೇಡ. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತು: ಆ ಸ್ಕ್ರೀನ್‌ನಲ್ಲಿ ಸದ್ಯಕ್ಕೆ ಸೇವ್ ಒತ್ತಬೇಡಿ.

ಫಾಂಟ್ ಇಲ್ಲದಿದ್ದರೆ ಕಾಣುವುದು ಖಾಲಿ ಚೌಕಗಳು. ಪ್ರಶ್ನೆ ಚಿಹ್ನೆ ಬಂದಿದೆ ಅಂದರೆ ಅಕ್ಷರ ಸ್ಕ್ರೀನ್ ತಲುಪುವ ಮೊದಲೇ ಸತ್ತಿದೆ. ಅದರ ಜಾಗದಲ್ಲಿ ಈಗ ಕೂತಿರುವುದು ನಿಜವಾಗಿಯೂ 63ನೇ ನಂಬರಿನ ಅಕ್ಷರ, ಅಂದರೆ ಪ್ರಶ್ನೆ ಚಿಹ್ನೆಯೇ. ಸತ್ತದ್ದಕ್ಕೆ ಯಾವ ಫಾಂಟ್ ತೊಡಿಸಿದರೇನು?

ತಮಾಷೆ ಏನೆಂದರೆ ವಿಬಿ 6ಕ್ಕೆ ಒಳಗೊಳಗೆ ಕನ್ನಡ ಗೊತ್ತು. ಅದರ ಸ್ಟ್ರಿಂಗ್‌ಗಳು, ಅಂದರೆ ಅಕ್ಷರಗಳ ಸಾಲುಗಳು, ಯೂನಿಕೋಡ್‌ನವೇ (ಎಲ್ಲ ಭಾಷೆಗಳ ಪ್ರತಿ ಅಕ್ಷರಕ್ಕೂ ಒಂದೊಂದು ನಂಬರ್ ಕೊಡುವ ಪದ್ಧತಿ), 1995ರ ವಿಬಿ 4ರ 32-ಬಿಟ್ ಆವೃತ್ತಿಯಿಂದಲೂ. "ಕನ್ನಡ" ಅನ್ನುವ ಪದವನ್ನು ಒಂದು ವೇರಿಯಬಲ್‌ಗೆ ಹಾಕಿ ಒಂದೊಂದೇ ಅಕ್ಷರದ ನಂಬರ್ ಕೇಳಿ ನೋಡಿ: 3221, 3240, 3277, 3240, 3233. ಕ, ನ, ಅರ್ಧಾಕ್ಷರ ಮಾಡುವ ಹಲಂತ, ಮತ್ತೆ ನ, ಆಮೇಲೆ ಡ. ಎಲ್ಲ ಸರಿ. ಉದ್ದ ಕೇಳಿದರೆ 5 ಅನ್ನುತ್ತದೆ, ನಮ್ಮ ಕಣ್ಣಿಗೆ ಕಾಣುವುದು ಮೂರೇ ಅಕ್ಷರ. (ಹೆಸರಿನ ಡಬ್ಬಕ್ಕೆ 10 ಅಕ್ಷರದ ಮಿತಿ ಹಾಕಿ ಕೂತವರು ಇದನ್ನು ನೆನಪಿಟ್ಟುಕೊಳ್ಳಿ. ಮಲ್ಲಿಕಾರ್ಜುನಪ್ಪನವರು ಅರ್ಧಕ್ಕೇ ತುಂಡಾಗುತ್ತಾರೆ.)

ತೊಂದರೆ ಶುರುವಾಗುವುದು ಈ ಸ್ಟ್ರಿಂಗ್ ಟೆಕ್ಸ್ಟ್‌ಬಾಕ್ಸ್‌ಗೆ ಹೋಗುವಾಗ. ವಿಂಡೋಸ್‌ನಲ್ಲಿ ಅಕ್ಷರ ಮುಟ್ಟುವ ಹೆಚ್ಚಿನ ಕೆಲಸಗಳಿಗೆ ಎರಡೆರಡು ಬಾಗಿಲು. ಹೆಸರಿನ ಕೊನೆಯಲ್ಲಿ 'ಎ' ಇರುವುದು ಒಂದು ಸಣ್ಣ ಅಕ್ಷರಪಟ್ಟಿಯನ್ನಷ್ಟೇ ಬಲ್ಲ ಹಳೇ ಆನ್ಸಿ ಬಾಗಿಲು, 'ಡಬ್ಲ್ಯು' ಇರುವುದು ಯೂನಿಕೋಡ್ ಬಾಗಿಲು. ವಿಬಿ 6 ಬಂದದ್ದು 1998ರಲ್ಲಿ. ಆಗ ಮನೆ, ಅಂಗಡಿ, ಸಣ್ಣ ಆಫೀಸುಗಳಲ್ಲಿ ಇದ್ದದ್ದು ವಿಂಡೋಸ್ 95 ಮತ್ತು 98, ಅವುಗಳಲ್ಲಿ ಡಬ್ಲ್ಯು ಬಾಗಿಲು ಬಹುಪಾಲು ಸುಮ್ನೆ ಹೆಸರಿಗೆ. ಹಾಗಾಗಿ ಟೂಲ್‌ಬಾಕ್ಸ್‌ನಲ್ಲಿರುವ ಲೇಬಲ್, ಟೆಕ್ಸ್ಟ್‌ಬಾಕ್ಸ್, ಲಿಸ್ಟ್‌ಬಾಕ್ಸ್, ಕಾಂಬೊ, ಬಟನ್ ಎಲ್ಲವನ್ನೂ ಎ ಬಾಗಿಲಿಗೇ ಕಟ್ಟಿದರು. ಆ ಬಾಗಿಲು ದಾಟುವಾಗ ಅಕ್ಷರ ಕಂಪ್ಯೂಟರಿನ ಕೋಡ್ ಪೇಜ್‌ಗೆ, ಅಂದರೆ ಅದರ ಆ ಅಕ್ಷರಪಟ್ಟಿಗೆ, ಬದಲಾಗಬೇಕು. ರಷ್ಯನ್‌ಗೆ 1251 ಇದೆ, ಜಪಾನೀಸ್‌ಗೆ 932 ಇದೆ. ಕನ್ನಡಕ್ಕೆ ವಿಂಡೋಸ್‌ನಲ್ಲಿ ಅಂಥ ಆನ್ಸಿ ಕೋಡ್ ಪೇಜ್ ಬರಲೇ ಇಲ್ಲ, ಅದು ನೇರವಾಗಿ ಯೂನಿಕೋಡ್‌ನಲ್ಲೇ ಬಂತು. ನಿಮ್ಮ ಕಂಪ್ಯೂಟರಿನಲ್ಲಿರುವುದು ಸಾಮಾನ್ಯವಾಗಿ ಇಂಗ್ಲಿಷ್‌ನ 1252. ಅದರಲ್ಲಿ 3221ಕ್ಕೆ ಜಾಗ ಇಲ್ಲ. ಜಾಗ ಇಲ್ಲದವರಿಗೆಲ್ಲ 63.

"ಮೊದಲು ಇದೇ ಸಾಫ್ಟ್‌ವೇರ್‌ನಲ್ಲಿ ಕನ್ನಡ ಬರ್ತಿತ್ತಲ್ಲ?" ಅಂತ ತಕ್ಷಣ ಕೇಳುತ್ತಾರೆ. ಬರುತ್ತಿತ್ತು, ನಿಜ. ಆದರೆ ಅದು ನುಡಿ ಅಥವಾ ಬರಹದ ಹಳೇ ಫಾಂಟ್. ಅಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರಗಳೇ, ಮೇಲೆ ಕನ್ನಡದ ವೇಷ. ನುಡಿಯಲ್ಲಿ 'ಕ' ಅಂದರೆ ಎರಡು ತುಂಡು: ಕೆಳಗಿನ ಒಡಲಿಗೆ ಒಂದು ದೊಡ್ಡ 'ಪಿ', ತಲೆಕಟ್ಟಿಗೆ ಮೇಲೆ ಗೀಟಿರುವ ಒಂದು 'ಎ'. ಎರಡೂ 1252ರಲ್ಲಿ ಇವೆ, ಹಾಗಾಗಿ ಆನ್ಸಿ ಡಬ್ಬಕ್ಕೆ ಏನೂ ಅನಿಸಲಿಲ್ಲ. ಫಾಂಟ್ ಹೆಸರು ಬದಲಿಸಿದರೆ ಮುಗೀತು, ಕನ್ನಡ ಬಂತು. ಆ ಕಾಲಕ್ಕೆ ಅದು ಒಳ್ಳೇ ಉಪಾಯವೇ, ನಾನೂ ಅದರಲ್ಲೇ ಅನ್ನ ತಿಂದವನು. ಆಮೇಲೆ ಯಾರೋ ಪುಣ್ಯಾತ್ಮರು ಡೇಟಾಬೇಸನ್ನು ಯೂನಿಕೋಡ್‌ಗೆ ಬದಲಿಸಿಕೊಟ್ಟು ಹೋದರು. ಡೇಟಾ ಸರಿಯಾಯಿತು, ಡಬ್ಬ ಹಳೆಯದೇ ಉಳಿಯಿತು.

ಈಗ ಏನು ಮಾಡುವುದು? ಸುಮ್ನೆ ತೋರಿಸಿದರೆ ಸಾಕು ಅನ್ನುವ ಕಡೆ ಕೆಲಸ ಸುಲಭ. ಲೇಬಲ್ ತೆಗೆದು ಅಲ್ಲಿ ಒಂದು ಪಿಕ್ಚರ್‌ಬಾಕ್ಸ್ ಇಡಿ, ಆಟೋರೀಡ್ರಾ ಆನ್ ಮಾಡಿ, ಫಾಂಟ್ ತುಂಗಾ ಕೊಡಿ, ಟೆಕ್ಸ್ಟ್‌ಔಟ್‌ನ ಡಬ್ಲ್ಯು ರೂಪ ಕರೆದು ಅಕ್ಷರ ಬರೆಸಿ, ಕೊನೆಗೆ ರಿಫ್ರೆಶ್. ಒತ್ತಕ್ಷರ ಕೂಡಿಸುವ ಕೆಲಸ ವಿಂಡೋಸ್‌ನದ್ದೇ, ನಾವು ತಲೆ ಕೆಡಿಸಿಕೊಳ್ಳಬೇಕಿಲ್ಲ. ಎಲ್ಲರೂ ಎಡವುವುದು ಒಂದೇ ಕಡೆ. ವಿಂಡೋಸ್‌ನ ಆ ಕೆಲಸವನ್ನು ವಿಬಿಗೆ ಪರಿಚಯಿಸುವ ಡಿಕ್ಲೇರ್ ಸಾಲಿನಲ್ಲಿ, ಅಕ್ಷರ ಕೊಡುವ ಪ್ಯಾರಾಮೀಟರನ್ನು ಸ್ಟ್ರಿಂಗ್ ಅಂತ ಬರೆದರೆ ವಿಬಿ ಉಪಕಾರ ಮಾಡಲು ಹೋಗಿ ದಾರಿಯಲ್ಲೇ ಅದನ್ನು ಆನ್ಸಿ ಮಾಡಿಬಿಡುತ್ತದೆ, ಡಬ್ಲ್ಯು ಕರೆದೂ ಪ್ರಯೋಜನ ಇಲ್ಲ. ಲಾಂಗ್ ಅಂತ ಬರೆದು ಸ್ಟ್ರಿಂಗ್‌ನ ವಿಳಾಸವನ್ನೇ ಕೊಡಿ. ಮೆಸೇಜ್‌ಬಾಕ್ಸ್‌ಗೂ ಇದೇ ಮದ್ದು.

ಕನ್ನಡ ವಾಕ್ಯಗಳನ್ನು ಕೋಡ್ ಒಳಗೇ ಅಂಟಿಸಲು ಹೋಗಬೇಡಿ, ಕೋಡ್ ಬರೆಯುವ ಆ ಕಿಟಕಿಯೂ ಆನ್ಸಿಯೇ. ನೋಟ್‌ಪ್ಯಾಡ್‌ನಲ್ಲಿ ಯುಟಿಎಫ್-8 ಫೈಲ್ ಮಾಡಿಟ್ಟು ಎಡಿಒ ಸ್ಟ್ರೀಮ್‌ನಿಂದ (ಫೈಲ್ ಓದುವ ಮೈಕ್ರೋಸಾಫ್ಟ್‌ನ ಒಂದು ಸಲಕರಣೆ) ಓದಿಸಿ, ಚಾರ್‌ಸೆಟ್ ಯುಟಿಎಫ್-8 ಅಂತ ಹೇಳಲು ಮರೆಯಬೇಡಿ.

ಬರೆಯುವ ಡಬ್ಬ ಬೇಕು ಅಂದಾಗ ಮಾತ್ರ ನಿಜವಾದ ತಲೆನೋವು. ಡಬ್ಲ್ಯು ಬಾಗಿಲಿನಿಂದ ನಾವೇ ಒಂದು ಎಡಿಟ್ ಡಬ್ಬ ಹುಟ್ಟಿಸಬಹುದು. ಅದರಲ್ಲಿ ಕನ್ನಡ ಕಾಣುತ್ತದೆ, ಪೇಸ್ಟ್ ಕೂಡ ಆಗುತ್ತದೆ, ಗೆದ್ದೆವು ಅಂದುಕೊಂಡು ಕೀಲಿ ಒತ್ತಿದರೆ ಮತ್ತೆ ಪ್ರಶ್ನೆ ಚಿಹ್ನೆ! ಯಾಕೆಂದರೆ ಕೀಲಿಯ ಸಂದೇಶಗಳನ್ನು ಎತ್ತಿ ಹಂಚುವ ವಿಬಿಯ ಲೂಪ್ ಕೂಡ ಎ ಬಾಗಿಲಿನದ್ದೇ. ಡಬ್ಬ ಹೊಸದಾದರೂ ಅಂಚೆಯವನು ಹಳಬ. ಇದನ್ನು ಕಂಡುಹಿಡಿಯಲು ನನಗೆ ಎರಡು ರಾತ್ರಿ ಹಿಡಿಯಿತು, ಕೀಬೋರ್ಡ್ ಕೂಡ ಬದಲಿಸಿ ನೋಡಿದ್ದೆ.

ಆಫೀಸ್ ಜೊತೆ ಬರುವ ಮೈಕ್ರೋಸಾಫ್ಟ್ ಫಾರ್ಮ್ಸ್ 2.0 ಕಂಟ್ರೋಲ್‌ಗಳನ್ನು ಎಳೆದು ಹಾಕಿ ಅಂತ ಹಲವರು ಹೇಳುತ್ತಾರೆ. ಅವು ಯೂನಿಕೋಡ್ ತೋರಿಸುತ್ತವೆ, ಸುಳ್ಳಲ್ಲ. ಆದರೆ ಆ ಫೈಲನ್ನು ನಮ್ಮ ಸಾಫ್ಟ್‌ವೇರ್ ಜೊತೆ ಹಂಚುವ ಹಕ್ಕು ನಮಗಿಲ್ಲ, ಗಿರಾಕಿಯ ಕಂಪ್ಯೂಟರಿನಲ್ಲಿ ಆಫೀಸ್ ಇರಲೇಬೇಕು. ನಾನು ಈಗ ಬಳಸುವುದು ವಿಬಿಸಿಸಿಆರ್ ಅನ್ನುವ ಓಪನ್ ಸೋರ್ಸ್ ಕಂಟ್ರೋಲ್‌ಗಳ ಕಟ್ಟು. ಹಳೇ ಟೆಕ್ಸ್ಟ್‌ಬಾಕ್ಸ್ ಅಳಿಸಿ ಅದೇ ಹೆಸರಿನಲ್ಲಿ ಅದರ ಟೆಕ್ಸ್ಟ್‌ಬಾಕ್ಸ್ ಇಟ್ಟರೆ ಕೋಡ್ ಹೆಚ್ಚುಕಡಿಮೆ ಹಾಗೇ ನಡೆಯುತ್ತದೆ. ಎಲ್ಲ ಬಿಟ್ಟು ಹೊಸದಾಗಿ ಬರೆಸಿ ಅನ್ನುವವರಿಗೆ ನನ್ನ ಅಭ್ಯಂತರ ಇಲ್ಲ, ದುಡ್ಡು ಕೊಡುವವರನ್ನೂ ಅವರೇ ಕರೆತರಲಿ. ವಿಬಿ 6ಕ್ಕೆ ಮೈಕ್ರೋಸಾಫ್ಟ್ 2008ರಲ್ಲೇ ಕೈ ಬಿಟ್ಟಿದ್ದರೂ ಅದರಲ್ಲಿ ಮಾಡಿದ ಪ್ರೋಗ್ರಾಂ ಓಡಲು ಬೇಕಾದ ರನ್‌ಟೈಮ್ ಇವತ್ತಿನ ವಿಂಡೋಸ್ ಜೊತೆಗೂ ಬರುತ್ತದೆ.

ಇನ್ನು ಆ ಸೇವ್ ಬಟನ್. ಒಂದು ಸಹಕಾರ ಸಂಘದ ಸದಸ್ಯರ ಪಟ್ಟಿ ನಾನೇ ಮಾಡಿಕೊಟ್ಟದ್ದು. ಬಟನ್ ಒತ್ತಿದರೆ ಫಾರಂನಲ್ಲಿರುವ ಎಲ್ಲ ಡಬ್ಬಗಳನ್ನೂ ವಾಪಸ್ ಟೇಬಲ್‌ಗೆ ಬರೆಯುವಂತೆ ಕೋಡ್ ಇತ್ತು, ಬದಲಾಗಿದೆಯೋ ಇಲ್ಲವೋ ನೋಡುವ ಗೋಜಿಲ್ಲ. ಡೇಟಾ ಯೂನಿಕೋಡ್ ಆದ ಮೇಲೆ ಅಲ್ಲಿಯ ಹುಡುಗ ಒಂದು ಮಧ್ಯಾಹ್ನ ಕೂತು ಫೋನ್ ನಂಬರ್‌ಗಳನ್ನು ತಿದ್ದಿದ. ನಂಬರ್ ತಿದ್ದಿದ ಪ್ರತಿ ಸದಸ್ಯರ ಹೆಸರೂ ಡೇಟಾಬೇಸ್ ಒಳಗೇ 63, 63, 63. ನಾನು ಹೋಗಿ ಆಕ್ಸೆಸ್‌ನಲ್ಲಿ ತೆರೆದರೆ ಅಲ್ಲೂ ಪ್ರಶ್ನೆ ಚಿಹ್ನೆಯೇ. ಹಾಗೆ ಆಕ್ಸೆಸ್‌ನಲ್ಲೂ ಅದೇ ಕಂಡರೆ ಕಂಟ್ರೋಲ್ ಬದಲಿಸಿ ಏನೂ ಆಗದು, ಬ್ಯಾಕಪ್ ಹುಡುಕಬೇಕು. ಅಲ್ಲಿ ಬ್ಯಾಕಪ್ ಇರಲಿಲ್ಲ. ಕಾರ್ಯದರ್ಶಿಗಳು ಬೀರುವಿನಿಂದ ಹಳೇ ಷೇರು ಲೆಡ್ಜರ್ ತೆಗೆದು ಒಂದೊಂದೇ ಹೆಸರು ಓದುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ, ನೇರ ಆಕ್ಸೆಸ್‌ಗೆ. "ಅಲ್ಲಪ್ಪಾ, ಫೋನ್ ನಂಬರ್ ತಿದ್ದಿದರೆ ಹೆಸರು ಯಾಕೆ ಹೋಗಬೇಕು?" ಅಂತ ನಡುನಡುವೆ ಅವರು ಕೇಳುತ್ತಲೇ ಇದ್ದರು.